ಕೊಟ್ಟಿಗೆ ಸೂರಿನ ಲೋಟ

ಶುಕ್ರವಾರ ಮಧ್ಯಾಹ್ನ ಊಟ ಮುಗಿಯುತ್ತಿದ್ದಂತೆ ತುಮಕೂರಿನ ಆ ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದವರು ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ ನಡುವೆ ಜಾಗ ಮಾಡಿದರು. ಯಾರದೋ ಕ್ಯಾನ್ವಾಸಿನ ಬಣ್ಣ ಇನ್ನೂ ಹಸಿಯಾಗಿತ್ತು. ಇನ್ನೊಬ್ಬ ಫೆವಿಕಾಲ್ ಬೇಗ ಒಣಗಲಿ ಎಂದು ರಟ್ಟಿನಿಂದ ಗಾಳಿ ಹಾಕುತ್ತಿದ್ದ. ಅಂದು ಒಬ್ಬರ ಕೆಲಸವನ್ನು ಉಳಿದವರೆಲ್ಲ ನೋಡಿ ಮಾತಾಡುವ ದಿನ. ಅದಕ್ಕೆ ಲಕ್ಷ್ಮೀಕಾಂತ್ ಮೇಷ್ಟ್ರದೊಂದು ಕಟ್ಟುನಿಟ್ಟು ಇತ್ತು. ಯಾರ ಕೃತಿ ನಡುವೆ ನಿಂತಿದೆಯೋ ಅವರು ಬಾಯಿ ತೆರೆಯುವಂತಿಲ್ಲ. ಉಳಿದವರು ಒಬ್ಬರೂ ತಪ್ಪಿಸಿಕೊಳ್ಳದೆ ತಮಗೆ ಕಂಡದ್ದನ್ನು ಒಂದು ಮಾತಾದರೂ ಹೇಳಲೇಬೇಕು. ಬರೀ ಚೆನ್ನಾಗಿದೆ ಅಂದರೆ ಲೆಕ್ಕಕ್ಕಿಲ್ಲ. ಹೊಗಳುವಾಗ ಸುಮ್ಮನಿರುವುದು ಯಾರಿಗಾದರೂ ಬರುತ್ತದೆ; ತೆಗಳುವಾಗ ನಾಲಿಗೆ ಕಚ್ಚಿಕೊಂಡು ನಿಲ್ಲುವ ಕಷ್ಟ ನಿಂತವರಿಗೇ ಗೊತ್ತು.

ಈ ಸಲ ಮೇಷ್ಟ್ರು ಕೊಟ್ಟ ವಿಷಯ 'ನಮ್ಮ ಮನೆ'. ಬಣ್ಣದ ಜೊತೆಗೆ ಮನೆಯ ವಸ್ತುಗಳನ್ನೇ ಸೇರಿಸಿ ಮಿಕ್ಸ್ಡ್ ಮೀಡಿಯಾದಲ್ಲಿ ಮಾಡಬೇಕು. ಎಲ್ಲಕ್ಕಿಂತ ಚೆನ್ನಾದ ಎರಡು ಕೃತಿಗಳು ಬೆಂಗಳೂರಿನ ಪ್ರದರ್ಶನಕ್ಕೆ ಹೋಗುತ್ತವೆ, ಸೋಮವಾರ ಹೆಸರು ಕಳಿಸಬೇಕು. ಆ ಎರಡರಲ್ಲಿ ಒಂದು ಭೂಮಿಕಾಳದು ಎಂದು ತರಗತಿಯಲ್ಲಿ ಎಲ್ಲರೂ ಆಗಲೇ ಮಾತಾಡಿಕೊಂಡಾಗಿತ್ತು. ಭೂಮಿಕಾಳಿಗೂ ಒಳಗೊಳಗೇ ಹಾಗೇ ಅನಿಸಿತ್ತು.

ಅವಳು ಗುಬ್ಬಿ ತಾಲ್ಲೂಕಿನ ನಿಟ್ಟೂರಿನವಳು, ತುಮಕೂರಿನಲ್ಲಿ ಉಳಿದುಕೊಂಡು ಓದುತ್ತಿದ್ದಳು. ತೆಂಗಿನ ತೋಟ, ರಾಗಿ ಹೊಲ ಇರುವ ಮನೆ. ತಿಪ್ಪಮ್ಮನ ಮನೆಗೆ ಹೋದವರು ಬರಿ ಹೊಟ್ಟೆಯಲ್ಲಿ ವಾಪಸು ಬರುವುದಿಲ್ಲ ಎಂದು ಊರಲ್ಲಿ ಹೆಸರು. ತಿಪ್ಪಮ್ಮ ಭೂಮಿಕಾಳ ಅಜ್ಜಿ. ಆ ಹೆಸರನ್ನೇ ಮೊಮ್ಮಗಳು ಪ್ಲೈವುಡ್ಡಿನ ಮೇಲೆ ತಂದಿದ್ದಳು. ಹಿನ್ನೆಲೆಗೆ ರಾಗಿ ಹುಲ್ಲು, ತೆಂಗಿನ ನಾರು, ಅಮ್ಮನ ಹಳೇ ಸೀರೆಯ ತುಂಡುಗಳು. ಅದರ ಮೇಲೆ ಬೂದಿ ಮತ್ತು ಕೆಮ್ಮಣ್ಣಿನ ಬಣ್ಣ. ಅಡ್ಡಲಾಗಿ ಮನೆಯ ಲೋಟಗಳ ಸಾಲು. ಹಿತ್ತಾಳೆಯದು, ಸ್ಟೀಲಿನದು, ಕೊನೆಯಲ್ಲಿ ಒಂದು ಅಲ್ಯೂಮಿನಿಯಂ ಲೋಟ. ಕೆಳಗೆ ಚೀಟಿಯಲ್ಲಿ 'ಉಪಚಾರ' ಎಂದು ಬರೆದಿದ್ದಳು.

ನೋಡಿದವರ ಕಣ್ಣು ಹೋಗಿ ನಿಲ್ಲುತ್ತಿದ್ದದ್ದು ಆ ಕೊನೆಯ ಲೋಟದ ಮೇಲೆ. ಮಳೆ, ಹೊಗೆ, ಸುಣ್ಣ ಎಲ್ಲ ಹತ್ತಿ ಅದಕ್ಕೊಂದು ಮಾಸಲು ನೀಲಿ ಬಣ್ಣ ಬಂದಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದಿದ್ದವು. ಈ ಟೆಕ್ಸ್ಚರ್ ಕೈಯಲ್ಲಿ ಮಾಡಕ್ಕೇ ಆಗಲ್ಲ ಎಂದು ಒಬ್ಬಳು ಹೇಳಿದಳು. ಸಾಲಿನ ಹೊಳಪೆಲ್ಲ ಆ ಒಂದು ಲೋಟದಿಂದ ತೂಕ ಪಡೆಯುತ್ತದೆ ಎಂದು ಇನ್ನೊಬ್ಬ ಹೇಳಿದ. ಭೂಮಿಕಾಳ ಗೆಳತಿ ಸುಧಾ, ಆ ಲೋಟ ನೋಡಿದರೆ ತನ್ನ ಅಜ್ಜಿಯ ಮನೆ ನೆನಪಾಗುತ್ತದೆ ಎಂದಳು. ಭೂಮಿಕಾ ಕೈಕಟ್ಟಿಕೊಂಡು ನೆಲ ನೋಡುತ್ತ, ನಗು ತಡೆದುಕೊಂಡು ನಿಂತಿದ್ದಳು.

ಕೊನೆಗೆ ಉಳಿದವನು ಕಿರಣ್‌ಕುಮಾರ್. ಕುದುರೆ ಫಾರಂಗೆ ಹೆಸರಾದ ಕುಣಿಗಲ್ ಕಡೆಯ ಹಳ್ಳಿಯವನು, ಇಲ್ಲಿ ಹಾಸ್ಟೆಲಿನಲ್ಲಿದ್ದ. ಮೊದಲ ವರ್ಷದಿಂದ ಅವನು ಬರೆದದ್ದೆಲ್ಲ ಕುದುರೆ. 'ನಮ್ಮ ಮನೆ' ಎಂಬ ವಿಷಯಕ್ಕೂ ಗೋಣಿತಾಟು, ಚರ್ಮದ ಪಟ್ಟಿ ಅಂಟಿಸಿ ಕುದುರೆಯನ್ನೇ ಮಾಡಿದ್ದ. ನಿಮ್ಮ ಮನೆಯಲ್ಲಿ ಕುದುರೆ ಇದೆಯೇನೋ ಎಂದು ಎಲ್ಲರೂ ರೇಗಿಸಿದ್ದರು. ಬಣ್ಣ ಕಲಸುವುದರಿಂದ ಹಿಡಿದು ಬುತ್ತಿ ಹಂಚಿಕೊಳ್ಳುವವರೆಗೆ ಭೂಮಿಕಾಳಿಗೆ ಅವನು ಜೊತೆಗಾರ. ಹಾಗಾಗಿ ಅವನ ಮಾತಿಗೆ ಅವಳು ತಲೆಯೆತ್ತಿದಳು. ನನ್ನದು ಬಿಡಿ ಸರ್ ಎಂದು ಅವನು ತಪ್ಪಿಸಿಕೊಳ್ಳಲು ನೋಡಿದ. ನಿಯಮ ಎಲ್ಲರಿಗೂ ಒಂದೇ ಎಂದು ಮೇಷ್ಟ್ರು ನೆನಪಿಸಿದರು.

"ನಮ್ಮೂರಲ್ಲೂ ಇಂಥದೊಂದು ಲೋಟ ಇದೆ ಸರ್," ಎಂದ ಕಿರಣ್. "ಯಜಮಾನ್ರ ಮನೆ ಕೊಟ್ಟಿಗೆ ಸೂರಲ್ಲಿ ಬೋರಲು ಹಾಕಿರ್ತಾರೆ. ನಮ್ಮಪ್ಪ ಕೆಲಸಕ್ಕೆ ಹೋದಾಗ ಅದರಲ್ಲಿ ಕಾಫಿ ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಬೋರಲು ಹಾಕಿ ಬರ್ತಾರೆ. ಎಲ್ರೂ ಬಣ್ಣ ಚೆನ್ನಾಗಿದೆ ಅಂದ್ರಿ. ವರ್ಷಗಟ್ಟಲೆ ಹೊರಗಡೇನೇ ಇಟ್ರೆ ಆ ಬಣ್ಣ ಬರುತ್ತೆ."

ನಿಯಮದಂತೆ ಭೂಮಿಕಾ ಬಾಯಿ ತೆರೆಯುವ ಹಾಗಿರಲಿಲ್ಲ. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಯುಗಾದಿಗೆ ಊರಿಗೆ ಹೋದಾಗ ಕೊಟ್ಟಿಗೆಯ ಸೂರಿನಿಂದಲೇ ಆ ಲೋಟವನ್ನು ಎತ್ತಿ, ಯಾರಿಗೂ ಹೇಳದೆ ಬ್ಯಾಗಿಗೆ ಹಾಕಿಕೊಂಡಿದ್ದಳು. ಅದು ಯಾರದೆಂದು ಗೊತ್ತಿರಲಿಲ್ಲವೆಂದಲ್ಲ. ತೋಟದ ಆಳು ಚಿಕ್ಕಬೀರಯ್ಯ ಅದರಲ್ಲಿ ಕುಡಿಯುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ದಿನಾ ಕಂಡದ್ದನ್ನು ಮನುಷ್ಯ ನೋಡುವುದಿಲ್ಲ. ಬಣ್ಣ ಅವಳಿಗೆ ಕಂಡಿತ್ತು, ಬೀರಯ್ಯ ಕಂಡಿರಲಿಲ್ಲ.

ಆ ಸಂಜೆ ಸುಧಾ ಗೆಳತಿಯ ಪರ ವಹಿಸಿದಳು. ಕಲೆ ಅಂದಮೇಲೆ ಕಲೆಯನ್ನಷ್ಟೇ ನೋಡಬೇಕು, ಎಲ್ಲದಕ್ಕೂ ಅದನ್ನೇ ತಂದರೆ ಯಾರು ತಾನೇ ಏನು ಮಾಡಲಾಗುತ್ತದೆ, ನೀನೇನು ಬೇಕೆಂದು ಮಾಡಿದೆಯಾ ಎಂದು ಸಮಾಧಾನ ಹೇಳಿದಳು. ಭೂಮಿಕಾಳಿಗೆ ಆ ಮಾತು ಹಿತವಾಗಿಯೇ ಇತ್ತು. ಆದರೆ ಹಿತವಾದದ್ದೆಲ್ಲ ಜೀರ್ಣವಾಗುವುದಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಅವಳು ಸುಧಾಳ ಮಾತಿಗೆ ಹೂಂ ಎನ್ನುತ್ತಲೇ ಹೋದಳು.

ಲಕ್ಷ್ಮೀಕಾಂತ್ ಮೇಷ್ಟ್ರು ಬೇರೆ ದಾರಿ ತೋರಿಸಿದರು. ಅವರು ಕೆಟ್ಟವರಲ್ಲ, ಮೂವತ್ತು ವರ್ಷ ಕೃತಿಗಳನ್ನೇ ನೋಡಿ ಪಳಗಿದವರು. ಈಗಲೇ ಇದಕ್ಕೆ ಅರ್ಥ ಬಂದಿರುವುದು, ಲೋಟವನ್ನು ನಡುವಿಗೆ ತಂದು ಹೆಸರು ಬದಲಿಸು, ಬೆಂಗಳೂರಿನಲ್ಲಿ ಜನ ಇದರ ಮುಂದೆ ನಿಂತು ನೋಡುತ್ತಾರೆ ಎಂದರು. ಶನಿವಾರ ಬೆಳಿಗ್ಗೆ ಬೇಗ ಬಂದು ಭೂಮಿಕಾ ಹಾಗೇ ಮಾಡಿದಳು. ಉಳಿದ ಲೋಟಗಳನ್ನು ದೂರ ಸರಿಸಿ, ಆ ಒಂದನ್ನೇ ನಡುವೆ ಕೂರಿಸಿ, ಮೇಲೊಂದು ಸಣ್ಣ ಬಲ್ಬು ಇಳಿಬಿಟ್ಟಳು. 'ಹೊರಗಿನ ಲೋಟ' ಎಂದು ಹೊಸ ಚೀಟಿ ಬರೆದಳು. ನಿಜ ಹೇಳಬೇಕೆಂದರೆ ಕೃತಿ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಅವಳ ಎದೆ ಸ್ವಲ್ಪ ಹಗುರಾಯಿತು. ತಪ್ಪೂ ತಿದ್ದಿದಂತಾಯಿತು, ಬೆಂಗಳೂರಿಗೂ ಹೋದಂತಾಯಿತು.

ಅದನ್ನು ಮೊದಲು ಕಿರಣ್‌ಗೇ ತೋರಿಸಬೇಕೆಂದು ಕಾದಿದ್ದಳು. ಅವನು ಬಂದು ಹತ್ತಿರದಿಂದ ನೋಡಿದ, ದೂರ ನಿಂತು ನೋಡಿದ. ಕೆಲಸದ ಬಗ್ಗೆ ಹೇಳುವಾಗ ಅವನು ಎಂದೂ ಸುಳ್ಳು ಹೇಳಿದವನಲ್ಲ.

"ಕೆಲಸ ಚೆನ್ನಾಗಿದೆ ಕಣೇ," ಎಂದ. "ಸೆಲೆಕ್ಟ್ ಆಗುತ್ತೆ."

"ಮತ್ತೆ ಯಾಕೋ ಹಂಗೆ ನಿಂತಿದೀಯ? ನಾನು ನಿಮ್ಮ ಪರವಾಗೇ ತಾನೆ ಮಾಡಿರೋದು?"

"ನಮ್ಮ ಪರವಾಗಿ ಮಾಡಿದೀಯ, ಸರಿ. ಜನ ನೋಡಿ ಬೇಜಾರು ಮಾಡ್ಕೋತಾರೆ, ನಿನ್ನ ಹೆಸರು ಕೇಳ್ತಾರೆ. ಒಂದು ಮಾತು ಹೇಳು. ಲೋಟ ಇಲ್ಲಿದೆ. ಇದರಲ್ಲಿ ಕುಡೀತಿದ್ದೋರಿಗೆ ಈಗ ನಿಮ್ಮನೇಲಿ ಯಾತರಲ್ಲಿ ಕಾಫಿ ಕೊಡ್ತಿದಾರೆ?"

ಭೂಮಿಕಾಳಿಗೆ ಗೊತ್ತಿರಲಿಲ್ಲ. ಲೋಟ ತಂದು ಎಷ್ಟೋ ದಿನವಾಗಿತ್ತು. ಆ ಪ್ರಶ್ನೆ ಒಂದು ಸಲವೂ ಅವಳ ತಲೆಗೆ ಬಂದಿರಲಿಲ್ಲ. ಮನೆಯಲ್ಲಿ ಅಷ್ಟೊಂದು ಲೋಟ ಇದಾವಲ್ಲ, ಯಾವುದಾದರೂ ಕೊಟ್ಟಿರ್ತಾರೆ ಎಂದು ಹೇಳಲು ಬಾಯಿ ತೆರೆದವಳು ತಡೆದುಕೊಂಡಳು. ಯಾವುದಾದರೂ ಕೊಡುವ ಹಾಗಿದ್ದಿದ್ದರೆ ಆ ಒಂದು ಲೋಟ ಸೂರಿನಲ್ಲಿ ಯಾಕಿರುತ್ತಿತ್ತು? ಕಿರಣ್ ಉತ್ತರಕ್ಕೆ ಕಾಯದೆ ತನ್ನ ಕುದುರೆಯ ಕಡೆಗೆ ಹೊರಟುಹೋದ. ಅವಳು ಮಧ್ಯಾಹ್ನದ ರೈಲು ಹಿಡಿದಳು.

ನಿಟ್ಟೂರಿನಲ್ಲಿ ಇಳಿದು ಮನೆ ಸೇರುವಾಗ ಕಾಫಿಯ ಹೊತ್ತು. ಹಿತ್ತಲಿನಲ್ಲಿ ಕಾಯಿ ಸುಲಿಯುವ ಸದ್ದು ಬರುತ್ತಿತ್ತು. ಚಿಕ್ಕಬೀರಯ್ಯ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಒತ್ತಿ ತಿರುವುತ್ತಿದ್ದ. ಪಕ್ಕದಲ್ಲಿ ಸುಲಿದ ಸಿಪ್ಪೆಯ ರಾಶಿ ಸೊಂಟದೆತ್ತರ ಬೆಳೆದಿತ್ತು. ಊರಾಚೆ ಕಾಲೋನಿಯವನು, ಅರವತ್ತು ದಾಟಿದ ಗಟ್ಟಿ ಆಳು. ಭೂಮಿಕಾಳ ತಾತನ ಕಾಲದಿಂದ ಈ ಮನೆಯ ತೋಟಕ್ಕೆ ಬರುತ್ತಿದ್ದ. ಅಜ್ಜಿ ತಿಪ್ಪಮ್ಮ ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅಮ್ಮ ಗಂಗಲಕ್ಷ್ಮಮ್ಮ ಕಾಫಿಯ ಪಾತ್ರೆ ಹಿಡಿದು ಒಳಗಿನಿಂದ ಬಂದಳು. ಬೀರಯ್ಯ ಕೈ ಒರೆಸಿಕೊಂಡು, ಗೋಡೆಯ ಸಂದಿಯಲ್ಲಿ ಸಿಕ್ಕಿಸಿದ್ದ ತೆಂಗಿನ ಚಿಪ್ಪೊಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದ. ಅಮ್ಮ ಮೇಲಿನಿಂದ ಅದಕ್ಕೆ ಕಾಫಿ ಸುರಿದಳು.

ಭೂಮಿಕಾ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ಚಿಪ್ಪಿನಲ್ಲಿ ಕೊಡುವುದನ್ನು ಅವಳು ಪುಸ್ತಕದಲ್ಲಿ ಓದಿದ್ದಳು, ಕಣ್ಣಿಂದ ನೋಡಿರಲಿಲ್ಲ. ಎಂದೋ ಬಿಟ್ಟುಹೋಗಿದ್ದದ್ದು ಅವಳ ಮನೆಗೆ ಅವಳಿಂದಲೇ ವಾಪಸು ಬಂದಿತ್ತು.

ಮೊಮ್ಮಗಳನ್ನು ಕಂಡು ಅಜ್ಜಿಗೆ ಸಂಭ್ರಮ. ಇಷ್ಟು ದಿಢೀರನೆ ಯಾಕೆ ಬಂದೆ, ಊಟ ಆಯಿತಾ ಎಂದೆಲ್ಲ ಕೇಳಿ, ಕೊನೆಗೆ ತನ್ನ ದೂರನ್ನೂ ಹೇಳಿಕೊಂಡಳು. ಕೊಟ್ಟಿಗೆ ಸೂರಿನಲ್ಲಿದ್ದ ಸಿಲ್ವರ್ ಲೋಟವನ್ನು ಯಾವನೋ ಗುಜರಿಯವನು ಎತ್ತಿಕೊಂಡು ಹೋಗಿದ್ದಾನೆ, ಸಂತೆಯಲ್ಲಿ ಅಂಥದು ಈಗ ಸಿಗುವುದೂ ಇಲ್ಲ, ಪಾಪ ಬೀರಯ್ಯನಿಗೆ ತೊಂದರೆಯಾಗಿದೆ ಎಂದಳು. ಆ ಪಾಪ ಎಂಬ ಮಾತನ್ನು ಅವಳು ಮನಸಾರೆಯೇ ಹೇಳಿದ್ದಳು.

"ಗುಜರಿಯವನಲ್ಲ ಅಜ್ಜಿ, ನಾನೇ ತಗೊಂಡು ಹೋಗಿದ್ದು," ಎಂದಳು ಭೂಮಿಕಾ. "ಅದು ಇನ್ನು ವಾಪಸ್ ಬರಲ್ಲ. ಒಳಗೆ ಅಷ್ಟೊಂದು ಲೋಟ ಇದಾವಲ್ಲ, ಅದರಲ್ಲಿ ಯಾಕೆ ಕೊಡಬಾರದು?"

ಅಜ್ಜಿ ಸೊಸೆಯ ಮುಖ ನೋಡಿದಳು, ಬೀರಯ್ಯನ ಕಡೆ ನೋಡಿದಳು. ದನಿ ತಗ್ಗಿಸಿ, ಹುಡುಗಾಟ ಆಡಬೇಡ ಎಂದಳು. ಭೂಮಿಕಾ ಸುಮ್ಮನಾಗದ್ದು ಕಂಡು ಅವಳ ದನಿಯೂ ಏರಿತು.

"ನಾನೇನು ಕಟುಕಳೇನೇ? ಅವನ ಹೆಂಡ್ತಿ ಬಾಣಂತಿಯಾಗಿದ್ದಾಗ ತಿಂಗಳುಗಟ್ಲೆ ರಾಗಿ, ಬೆಲ್ಲ ಕಳಿಸಿದೀನಿ. ಅವನ ಮಗನ ಮದುವೆಗೆ ಕಾಯಿ ನಮ್ಮ ತೋಟದ್ದು. ಹಸ್ಕೊಂಡು ಒಂದಿನ ಕಳಿಸಿಲ್ಲ. ಹಿಂದ್ಲಿಂದ ನಡ್ಕೊಂಡು ಬಂದಿದ್ದು ಹಂಗೇ ನಡೀಲಿ ಬುಡು. ಅವನೇ ಏನೂ ಅನ್ನಲ್ಲ, ನಿನಗೇನು?"

ಅಜ್ಜಿ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು. ಭೂಮಿಕಾ ಅಮ್ಮನ ಕಡೆ ತಿರುಗಿದಳು. ಗಂಗಲಕ್ಷ್ಮಮ್ಮ ಪಾತ್ರೆಯ ಬಟ್ಟೆಯನ್ನು ಮಡಿಸುತ್ತ, ತಾನು ಸೊಸೆಯಾಗಿ ಬಂದಾಗ ಆ ಲೋಟ ಅಲ್ಲೇ ಇತ್ತೆಂದೂ, ಯಾಕೆಂದು ಯಾರೂ ಹೇಳಿಕೊಡಲಿಲ್ಲವೆಂದೂ, ತಾನೂ ಕೇಳಲಿಲ್ಲವೆಂದೂ ಮೆಲ್ಲಗೆ ಹೇಳಿದಳು. ಅಷ್ಟು ಹೇಳುವುದಕ್ಕೇ ಅವಳಿಗೆ ಇಪ್ಪತ್ತೈದು ವರ್ಷ ಹಿಡಿದಿತ್ತು.

ಭೂಮಿಕಾ ತೆಂಗಿನ ಮರದ ಬುಡಕ್ಕೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದಳು. ತನ್ನ ಕೃತಿಯನ್ನು ಬೆಂಗಳೂರಿಗೆ ಕಳಿಸಬೇಡಿ ಎಂದಳು. ಇಂಥ ಅವಕಾಶ ಮತ್ತೆ ಬರುವುದಿಲ್ಲ, ಯಾರ ಮಾತಿಗೋ ಹೆದರಬೇಡ ಎಂದು ಅವರು ತಿಳಿಹೇಳಿದರು. ಯಾರಿಗೂ ಹೆದರಿ ಅಲ್ಲ ಸರ್, ನಮ್ಮನೇಲಿ ಇವತ್ತೂ ನಡೀತಿರೋದನ್ನ ಹಳೇ ಕಾಲದ್ದು ಅನ್ನೋ ಹಾಗೆ ಅಲ್ಲಿ ತೂಗುಹಾಕೋಕೆ ನನಗೆ ಮುಖ ಇಲ್ಲ ಎಂದಳು. ಆ ಕಡೆಯಿಂದ ಮೇಷ್ಟ್ರು, ಆಯಿತಮ್ಮ ಎಂದರು. ಫೋನ್ ಇಟ್ಟಮೇಲೆ ಅವಳಿಗೆ ಅಳು ಬಂತು. ಮೂರು ತಿಂಗಳು ರಾತ್ರಿ ಹಗಲು ಮಾಡಿದ ಕೆಲಸ ಅದು.

ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಸ್ಟ್ಯಾಂಡಿನಲ್ಲಿ ತೊಳೆದು ಬೋರಲು ಹಾಕಿದ್ದ ಲೋಟಗಳಲ್ಲಿ ಒಂದನ್ನು ಎತ್ತಿಕೊಂಡಳು. ಎಲ್ಲದರ ಮೇಲೂ ಮದುವೆಯಲ್ಲಿ ಕೆತ್ತಿಸಿದ ಅಮ್ಮನ ಹೆಸರಿತ್ತು. ಕಾಫಿ ಬಗ್ಗಿಸಿ ತಂದು ಬೀರಯ್ಯನ ಮುಂದೆ ಹಿಡಿದಳು. ಅವನು ಚಿಪ್ಪಿನ ಕಾಫಿ ಇನ್ನೂ ಕುಡಿಯದೆ ಗೋಡೆಯ ಬುಡಕ್ಕೆ ಒರಗಿಸಿಟ್ಟಿದ್ದ. ಮನೆಯವರು ತನಗಾಗಿ ಮಾತಿಗೆ ಮಾತು ಬೆಳೆಸುವಾಗ ಅದು ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಅವನು ಲೋಟ ಮುಟ್ಟಲಿಲ್ಲ. ಅವಳು ಅದನ್ನು ಜಗಲಿಯ ಕಲ್ಲಿನ ಮೇಲೆ ಇಟ್ಟಳು.

"ಬ್ಯಾಡ ಕಣವ್ವ," ಎಂದ ಬೀರಯ್ಯ. "ನೀನು ನಾಳೆ ತುಮಕೂರಿಗೆ ಹೋಗ್ತೀಯ. ನಾನು ಇಲ್ಲೇ ಕೆಲಸಕ್ಕೆ ಬರೋನು. ನನ್ನಿಂದ ಈ ಮನೇಲಿ ಮಾತು ಬರೋದು ಬ್ಯಾಡ."

ಆ ಮಾತಿನ ಬಿಸಿ ಭೂಮಿಕಾಳಿಗೆ ತಟ್ಟಿತು. ಒಳ್ಳೆಯದು ಮಾಡಲು ಹೋಗಿ ಅವನನ್ನೇ ಇಕ್ಕಟ್ಟಿಗೆ ಸಿಕ್ಕಿಸಿದ್ದಳು. ಇನ್ನೇನು ಮಾಡಬೇಕೆಂದು ತಿಳಿಯದೆ ಅವಳು ಅಲ್ಲೇ ಸಿಪ್ಪೆಯ ರಾಶಿಯ ಪಕ್ಕ ಕುಳಿತಳು. ನೋಡಿದೆಯಾ, ನಾನು ಹೇಳಲಿಲ್ಲವಾ, ಅವನಿಗೇನೂ ಇಲ್ಲ ಎಂದಳು ಅಜ್ಜಿ.

ಬೀರಯ್ಯ ಮತ್ತೊಂದು ಕಾಯಿ ಎತ್ತಿಕೊಂಡವನು ಅದನ್ನು ಮೊನೆಗೆ ಒತ್ತಲಿಲ್ಲ. ಕಾಯಿಯನ್ನು ಕೆಳಗಿಟ್ಟು, ಅಜ್ಜಿಯ ಮುಖ ನೋಡದೆ, ನೆಲ ನೋಡುತ್ತ ಮಾತಾಡಿದ.

"ಏನೂ ಇಲ್ಲ ಅನ್ಬ್ಯಾಡಿ ಅಮ್ನೋರೆ. ನನಗೆ ಅಭ್ಯಾಸ ಆಗೈತೆ, ಅದು ಬ್ಯಾರೆ. ಹೋದ ವಾರ ಇಸ್ಕೂಲಿಗೆ ರಜ ಅಂತ ಮೊಮ್ಮಗಳ್ನ ಜೊತೇಲಿ ಕರ್ಕಂಡು ಬಂದಿದ್ದೆ. ನಾನು ಚಿಪ್ಪಲ್ಲಿ ಕಾಫಿ ಕುಡಿಯೋದ ನೋಡಿ, ಇವ್ರ ಮನೇಲಿ ಲೋಟ ಇಲ್ವಾ ತಾತ ಅಂದ್ಲು. ಇಲ್ಲ ಕಣವ್ವ, ಎಲ್ಲಾ ಕಳ್ದೋಗವೆ ಅಂದೆ. ಇನ್ನೇನ್ ಹೇಳ್ಲಿ ಆ ಮಗೀಗೆ? ಅವತ್ತಿಂದ ದಿನಾ ಕೇಳ್ತಾಳೆ, ನಮ್ಮನೇದೊಂದು ತಗಂಡೋಗಿ ಅವ್ರಿಗೆ ಕೊಡಾನಾ ತಾತ ಅಂತ."

ತಿಪ್ಪಮ್ಮ ಚಾಚಿದ್ದ ಕಾಲನ್ನು ಮಡಚಿಕೊಂಡಳು. ಬಂದವರಿಗೆಲ್ಲ ಇಕ್ಕಿ ಹೆಸರು ಮಾಡಿದ ಮನೆ. ಕೊಡುವ ಕೈ ತನ್ನದು, ಚಾಚುವ ಕೈ ಅವರದು ಎಂದೇ ಅವಳು ಜೀವಮಾನವೆಲ್ಲ ತಿಳಿದಿದ್ದಳು. ಈಗ ಕಾಲೋನಿಯ ಒಂದು ಮಗು ಅವಳ ಬಡತನಕ್ಕೆ ಮರುಗಿ, ತನ್ನ ಮನೆಯ ಲೋಟವನ್ನು ಅವಳಿಗೆ ದಾನ ಕೊಡಲು ಹೊರಟಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಮನೆಯ ಮಾನ ಉಳಿಸಲು ಬೀರಯ್ಯ ಆ ಮಗುವಿಗೆ ಸುಳ್ಳು ಹೇಳಿದ್ದ. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಗಂಗಲಕ್ಷ್ಮಮ್ಮ ಬಾಗಿಲ ಹತ್ತಿರ ಹಾಗೇ ನಿಂತಿದ್ದಳು.

"ಕಾಫಿ ಆರೋಗ್ತೈತೆ," ಎಂದಳು ಅಜ್ಜಿ ಕೊನೆಗೆ. "ಕುಡಿಯೋ ಬೀರಯ್ಯ."

ಯಾವ ಕಾಫಿ ಎಂದು ಅವಳು ಹೇಳಲಿಲ್ಲ. ಬೀರಯ್ಯ ಚಿಪ್ಪನ್ನೂ ನೋಡಿದ, ಕಲ್ಲಿನ ಮೇಲಿದ್ದ ಲೋಟವನ್ನೂ ನೋಡಿದ. ಅಜ್ಜಿ ಎದ್ದು ಗೋಡೆ ಹಿಡಿದುಕೊಂಡು ಬಂದಳು. ಚಿಪ್ಪನ್ನು ಎತ್ತಿ, ಕಾಫಿಯನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಚಿಪ್ಪನ್ನು ಸೌದೆಯ ರಾಶಿಗೆ ಎಸೆದಳು. ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಳು. ಆಮೇಲೆ ಬೀರಯ್ಯ ಲೋಟ ತೆಗೆದುಕೊಂಡ. ಅಭ್ಯಾಸದಂತೆ ತುಟಿಗೆ ತಾಗಿಸದೆ, ಎತ್ತಿ ಕುಡಿದ. ಯಾರೂ ಅವನನ್ನೇ ನೋಡುತ್ತ ನಿಲ್ಲಲಿಲ್ಲ. ಭೂಮಿಕಾಳೂ ತಲೆ ತಗ್ಗಿಸಿದ್ದಳು.

ಕುಡಿದು ಮುಗಿಸಿ ಅವನು ಲೋಟ ತೊಳೆಯಲು ನಲ್ಲಿಯ ಕಡೆ ಹೊರಟ. ಗಂಗಲಕ್ಷ್ಮಮ್ಮ ಮೆಟ್ಟಿಲಿಳಿದು ಬಂದು ಕೈಚಾಚಿದಳು. ಅವನು ಹಿಂಜರಿದ. ಅವಳೇ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು, ಒಳಗೆ ಹೋಗಿ ಉಳಿದ ಪಾತ್ರೆಗಳ ಜೊತೆ ತೊಟ್ಟಿಯಲ್ಲಿ ಹಾಕಿದಳು. ಅತ್ತೆ ಏನಾದರೂ ಅನ್ನುತ್ತಾಳೇನೋ ಎಂದು ಕಾದಳು. ಅತ್ತೆ ಏನೂ ಅನ್ನಲಿಲ್ಲ.

ಹೊತ್ತು ಇಳಿಯುವವರೆಗೂ ಕಾಯಿ ಸುಲಿಯುವ ಸದ್ದು ನಡೆಯಿತು. ಭೂಮಿಕಾ ಸುಲಿದ ಕಾಯಿಗಳನ್ನು ಎಣಿಸದೆ ಕೊಟ್ಟಿಗೆಯ ಮೂಲೆಗೆ ಸಾಗಿಸಿದಳು. ಕೆಲಸ ಮುಗಿಸಿ ಟವೆಲ್ ಕೊಡವಿಕೊಂಡು ಹೊರಟ ಬೀರಯ್ಯನನ್ನು ಅಜ್ಜಿ ಕೂಗಿ ನಿಲ್ಲಿಸಿದಳು.

"ನಾಳೆ ಬರುವಾಗ ಆ ಮಗೀನೂ ಕರ್ಕೊಂಡು ಬಾ," ಎಂದಳು. ಸ್ವಲ್ಪ ತಡೆದು, "ನಮ್ಮನೇಲೂ ಲೋಟ ಐತೆ ಅಂತ ಅವಳಿಗೆ ನಾನೇ ಹೇಳ್ತೀನಿ," ಎಂದಳು.